ಆಸ್ಟ್ರಲ್ ಪ್ರೊಜೆಕ್ಷನ್ ಕಲಿಯೋಕೆ ಮೊದಲು ಯಾವ ಪುಸ್ತಕ ತಗೊಳ್ಳಲಿ?

ಬೆಳಗಿನಜಾವ:

ಎಲ್ಲರಿಗೂ ನಮಸ್ಕಾರ. ಆಸ್ಟ್ರಲ್ ಪ್ರೊಜೆಕ್ಷನ್, ಅಂದರೆ ಮಲಗಿದ ದೇಹದಿಂದ ಹೊರಬಂದಂತಾಗೋ ಅನುಭವದ ಬಗ್ಗೆ ವಿಡಿಯೊ ನೋಡಿ ನೋಡಿ ತಲೆ ಕೆಟ್ಟುಹೋಗಿದೆ. ಒಬ್ಬರು ಹಗ್ಗ ಹಿಡಿದು ಹತ್ತು ಅಂತಾರೆ, ಇನ್ನೊಬ್ಬರು ಪಕ್ಕಕ್ಕೆ ಉರುಳು ಅಂತಾರೆ, ಮತ್ತೊಬ್ಬರು ಹೆಡ್‌ಫೋನ್ ಹಾಕ್ಕೊಂಡು ಮಲಗಿದ್ರೆ ಸಾಕು ಅಂತಾರೆ. ಎಲ್ಲ ಬಿಟ್ಟು ಒಂದೇ ಪುಸ್ತಕ ಹಿಡಿದು ಅದರ ಪ್ರಕಾರವೇ ಮಾಡೋಣ ಅಂತಿದೀನಿ. ಹುಡುಕಿದಾಗಲೆಲ್ಲ ಮನ್ರೋ, ಬುಲ್‌ಮನ್, ರಾಬರ್ಟ್ ಬ್ರೂಸ್, ರಾದುಗಾ ಅಂತ ನಾಲ್ಕು ಹೆಸರು ಸಿಗುತ್ತವೆ. ಹೊಸಬರಿಗೆ ಇವರಲ್ಲಿ ಯಾರು ಸರಿ? ಇಂಗ್ಲಿಷ್ ಓದೋಕೆ ತೊಂದರೆ ಇಲ್ಲ.

ರಾತ್ರಿ ಹತ್ತೂವರೆಗೆ ಮಲಗಿ ಬೆಳಗ್ಗೆ ಆರೂವರೆಗೆ ಏಳೋ ರೂಢಿ. ಯೋಗನಿದ್ರೆ ಬರುತ್ತೆ, ಆದರೆ ರಾತ್ರಿ ಮಾಡಿದರೆ ಅರ್ಧದಲ್ಲೇ ನಿಜವಾದ ನಿದ್ದೆ ಹತ್ತುತ್ತೆ. ಯೋಗದ ಪುಸ್ತಕಗಳಿಂದ ಇದಕ್ಕೇನಾದರೂ ಪ್ರಯೋಜನ ಇದೆಯಾ ಅಂತಲೂ ತಿಳಿಸಿ. ಆತ್ಮ ನಿಜವಾಗಿ ಹೊರಗೆ ಹೋಗುತ್ತೋ ಇಲ್ಲವೋ ಅನ್ನೋ ಜಗಳ ಇಲ್ಲಿ ಬೇಡ, ದಯವಿಟ್ಟು.


ಗಡಿಯಾರದಮುಳ್ಳು:

ಲೇಖಕರ ಹೆಸರಿಗಿಂತ ಮೊದಲು ನೋಡಬೇಕಾದ್ದು, ಪುಸ್ತಕ ಯಾವ ಹೊತ್ತಿನಲ್ಲಿ ಅಭ್ಯಾಸ ಮಾಡಿಸುತ್ತೆ ಅನ್ನೋದು. ರಾತ್ರಿ ಹಾಸಿಗೆಗೆ ಬಿದ್ದ ತಕ್ಷಣ ಶುರುಮಾಡು ಅನ್ನೋ ಪುಸ್ತಕ ಎಷ್ಟೇ ಚೆನ್ನಾಗಿರಲಿ, ಹೊಸಬರಿಗೆ ದಕ್ಕೋದು ಕಡಿಮೆ. ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಮೊದಲ ಎರಡು ಸುತ್ತಿನಲ್ಲಿ ಗಾಢನಿದ್ದೆಯೇ ಜಾಸ್ತಿ; ಕನಸು ಬೀಳುವ ಆರ್‌ಇಎಂ ಘಟ್ಟ ಬಂದು ಹೋಗೋದು ಕೆಲವೇ ನಿಮಿಷ. ಬೆಳಗಿನ ಜಾವಕ್ಕೆ ಲೆಕ್ಕ ತಿರುಗುಮುರುಗು. ಗಾಢನಿದ್ದೆ ಹೆಚ್ಚುಕಡಿಮೆ ಮುಗಿದಿರುತ್ತೆ, ಆರ್‌ಇಎಂ ಅರ್ಧ ಗಂಟೆಗೂ ಮೀರಿ ಎಳೆಯಬಹುದು. ಆ ಘಟ್ಟದಲ್ಲಿ ಮಿದುಳು ಎಚ್ಚರವಿದ್ದಾಗಿನಷ್ಟೇ ಚುರುಕು, ಕೈಕಾಲಿನ ಸ್ನಾಯುಗಳು ಮಾತ್ರ ಬಂದ್. ದೇಹ ಮಲಗಿದೆ, ನಾನು ಎದ್ದಿದ್ದೇನೆ ಅನ್ನೋ ಸ್ಥಿತಿ ಸುಲಭವಾಗಿ ಸಿಗೋದು ಅದರ ಅಂಚಿನಲ್ಲಿ. ನಿಮ್ಮ ಯೋಗನಿದ್ರೆ ಅರ್ಧಕ್ಕೇ ನಿದ್ದೆಯಾಗೋದೂ ಇದಕ್ಕೇ. ದಣಿದ ದೇಹ ಹತ್ತೂವರೆಗೆ ಕೇಳೋದು ಗಾಢನಿದ್ದೆಯನ್ನ.

ಈಗ ನಿಮ್ಮ ಪಟ್ಟಿಗೆ ಬರ್ತೀನಿ.

ರಾಬರ್ಟ್ ಮನ್ರೋ ಅವರ ‘ಜರ್ನೀಸ್ ಔಟ್ ಆಫ್ ದ ಬಾಡಿ’ ಬಂದಿದ್ದು 1971ರಲ್ಲಿ. ಅವರು ವರ್ಜೀನಿಯಾದ ರೇಡಿಯೊ ಉದ್ಯಮಿ. 1958ರಲ್ಲಿ ತಾನಾಗೇ ಶುರುವಾದ ಅನುಭವಗಳನ್ನ ಟಿಪ್ಪಣಿ ಮಾಡಿಟ್ಟು, ಅದರ ಮೇಲೆ ಬರೆದದ್ದು. ಓದೋಕೆ ಸೊಗಸು. ಆದರೆ ಮುಕ್ಕಾಲುಪಾಲು ಅನುಭವ ಕಥನ. ಅಭ್ಯಾಸದ ವಿವರ ಕೊನೆಯ ಕಡೆಗೆ ಮಾತ್ರ. ಅಲ್ಲಿನ ಕ್ರಮ ಹೀಗೆ: ಆಳವಾಗಿ ಸಡಿಲಗೊಂಡ ಮೇಲೆ, ಮುಚ್ಚಿದ ಕಣ್ಣಿನ ಮುಂದೆ ಹಣೆಯಿಂದ ಒಂದಡಿ ದೂರದಲ್ಲಿ ಒಂದು ಬಿಂದು ಊಹಿಸಿಕೊಳ್ಳಬೇಕು. ಅದನ್ನ ಮೂರಡಿಗೆ, ಆಮೇಲೆ ಆರಡಿಗೆ ದೂಡಿ, 90 ಡಿಗ್ರಿ ತಿರುಗಿಸಿ ನೆತ್ತಿಯ ಆಚೆಗೆ ಒಯ್ಯಬೇಕು, ಅಲ್ಲಿಂದ ‘ವೈಬ್ರೇಶನ್’ ಅನ್ನ, ಅಂದರೆ ಮೈ ಝುಂ ಅನ್ನೋ ಅದುರುವಿಕೆಯನ್ನ, ತಲೆಯೊಳಕ್ಕೆ ಎಳೆದುಕೊಳ್ಳಬೇಕು. ತಲೆ ಉತ್ತರಕ್ಕೆ ಹಾಕಿ ಮಲಗಿ ಅಂತಲೂ ಹೇಳ್ತಾರೆ. ನಮ್ಮ ಮನೆಗಳಲ್ಲಿ ಅಜ್ಜಿ ಇದ್ದರೆ ಅದು ನಡೆಯೋ ಮಾತಲ್ಲ, ಬಿಟ್ಟರೂ ನಷ್ಟವಿಲ್ಲ. ತೊಡಕು ಏನಂದ್ರೆ, ಆ ಅದುರು ಬಾರದೇ ಹೋದರೆ ಮುಂದೇನು ಅನ್ನೋದಕ್ಕೆ ಅಲ್ಲಿ ಸಿಗೋ ಉತ್ತರ ತೀರಾ ತೆಳು. ಎರಡನೇ ಪುಸ್ತಕವಾಗಿ ಓದಿ.

ರಾಬರ್ಟ್ ಬ್ರೂಸ್ ಆಸ್ಟ್ರೇಲಿಯಾದವರು. ವಿಡಿಯೊಗಳಲ್ಲಿ ಬರೋ ಆ ಹಗ್ಗ ಇವರದ್ದೇ. ‘ಆಸ್ಟ್ರಲ್ ಡೈನಮಿಕ್ಸ್’ 1999ರದ್ದು, ಇಟ್ಟಿಗೆಯಷ್ಟು ದಪ್ಪ. ಹಗ್ಗವನ್ನ ಕಣ್ಣಿಗೆ ಕಟ್ಟಿಕೊಳ್ಳೋಕೆ ಹೋದವರಿಗೆ ಅದು ಕೆಲಸ ಮಾಡಲ್ಲ. ಇಲ್ಲಿ ಬೇಕಾದ್ದು ಸ್ಪರ್ಶದ ನೆನಪು: ಅಂಗೈಗೆ ಉಜ್ಜುವ ಹಗ್ಗದ ಒರಟು, ಒಂದು ಕೈ ಬಿಟ್ಟು ಇನ್ನೊಂದು ಕೈ ಹಾಕಿ ಮೇಲೆಳೆದುಕೊಳ್ಳುವಾಗ ಭುಜಕ್ಕೆ ಬೀಳುವ ಭಾರ. ನಿಜವಾದ ತೋಳಿನ ಸ್ನಾಯು ಒಂಚೂರು ಬಿಗಿದರೂ ಆಟ ಕೆಟ್ಟಿತು. ಬ್ರಯಾನ್ ಮರ್ಸರ್ ಜತೆ ಅವರು 2004ರಲ್ಲಿ ಬರೆದ ‘ಮಾಸ್ಟರಿಂಗ್ ಆಸ್ಟ್ರಲ್ ಪ್ರೊಜೆಕ್ಷನ್’ 90 ದಿನದ ಪಾಠಪಟ್ಟಿ. ದಿನಾ ಇಂತಿಷ್ಟು ಅಂತ ಯಾರಾದರೂ ಹೇಳಿದರೇ ಮಾಡೋ ಸ್ವಭಾವದವರಿಗೆ ಅದು ಒಳ್ಳೇದು. ಆದರೆ ಶಕ್ತಿಕೇಂದ್ರ, ಚಕ್ರ ಅಂತ ಮೊದಲ ವಾರಗಳಲ್ಲೇ ಎಷ್ಟೋ ಜನ ಸುಸ್ತಾಗಿ ಕೈಬಿಡ್ತಾರೆ.

ವಿಲಿಯಂ ಬುಲ್‌ಮನ್ ಅವರ ‘ಅಡ್ವೆಂಚರ್ಸ್ ಬಿಯಾಂಡ್ ದ ಬಾಡಿ’ 1996ರದ್ದು. ನಿಮಗೆ ನನ್ನ ಓಟು ಇದಕ್ಕೆ. ಸಣ್ಣ ಪುಸ್ತಕ, ಸಲೀಸು ಭಾಷೆ, ಹೊರಬಂದ ಮೇಲೆ ಏನು ಮಾಡಬೇಕು ಅನ್ನೋದು ಬಹಳ ಸ್ಪಷ್ಟ. ಇದರ ಮುಖ್ಯ ಅಭ್ಯಾಸ ‘ಟಾರ್ಗೆಟ್’. ಮನೆಯೊಳಗೇ, ಆದರೆ ಮಲಗೋ ಕೋಣೆಯ ಹೊರಗೆ, ಮೂರು ವಸ್ತು ಆರಿಸಿಕೊಳ್ಳಿ. ದೇವರಮನೆಯ ಹಿತ್ತಾಳೆ ದೀಪ, ಅಡುಗೆಮನೆ ಕಟ್ಟೆಯ ಮೇಲಿನ ಗ್ರೈಂಡರ್, ಹೊರಬಾಗಿಲ ಚಿಲಕ ಅಂತಿಟ್ಟುಕೊಳ್ಳಿ. ಹಗಲು ಹೊತ್ತಲ್ಲಿ ನಿಜವಾಗಿ ಒಂದರಿಂದ ಇನ್ನೊಂದಕ್ಕೆ ನಡೆದು, ಪ್ರತಿಯೊಂದನ್ನೂ ಮುಟ್ಟಿ ನೋಡಬೇಕು: ದೀಪದ ಎಣ್ಣೆಜಿಡ್ಡು, ಗ್ರೈಂಡರ್ ಕಲ್ಲಿನ ತಂಪು, ಚಿಲಕ ಸರಿಸುವಾಗ ಆಗುವ ಕಿರ್ ಸದ್ದು. ಮಲಗಿದ ಮೇಲೆ ಅದೇ ದಾರಿಯನ್ನ ಮನಸ್ಸಿನಲ್ಲಿ ಮತ್ತೆ ಮತ್ತೆ ನಡೆಯಬೇಕು. ದೂರದಿಂದ ನೋಡಿದ ಚಿತ್ರದ ಥರ ಆದರೆ ಫಲವಿಲ್ಲ. ಪಾದಕ್ಕೆ ನೆಲ ತಾಗೋದೂ ಇರಬೇಕು. ಹೊರಬಂದಾಗ ದೃಶ್ಯ ಮಸುಕಾಗಿದ್ದರೆ ‘ಕ್ಲಾರಿಟಿ ನೌ’ ಅಂತ ಆಜ್ಞೆ ಕೊಡಿ ಅಂತಾರೆ. ಕನ್ನಡದಲ್ಲಿ ‘ಈಗಲೇ ಸ್ಪಷ್ಟವಾಗಲಿ’ ಅಂದುಕೊಂಡರೂ ಆಯ್ತು.

ಬುಲ್‌ಮನ್ ಓದುವಾಗ ಒಂದು ತಿದ್ದುಪಡಿ ಮಾತ್ರ ಮಾಡಿಕೊಳ್ಳಿ. ಟಾರ್ಗೆಟ್ ಅಭ್ಯಾಸವನ್ನ ಹತ್ತೂವರೆಗೆ ಇಡಬೇಡಿ. ನಾಲ್ಕೂವರೆಗೆ ಎದ್ದು, ಸ್ವಲ್ಪ ಹೊತ್ತು ಎಚ್ಚರವಿದ್ದು, ಮತ್ತೆ ಮಲಗುವಾಗ ಇಡಿ.


ಪ್ರಶ್ನಾರ್ಥಕ:

ಮೇಲಿನ ವಿವರ ಸರಿಯಾಗಿದೆ, ಆಯ್ಕೆ ಒಪ್ಪಲಾರೆ. ಕನಸೇ ನೆನಪಿರದವರು ಬುಲ್‌ಮನ್ ಹಿಡಿದರೆ, ಅನುಭವ ಆದರೂ ಬೆಳಗ್ಗೆ ಎದ್ದಾಗ ಅದು ಮರೆತೇಹೋಗಿರುತ್ತೆ. ಮೊದಲ ಪುಸ್ತಕ ಸ್ಟೀಫನ್ ಲಬರ್ಜ್ ಮತ್ತು ಹೋವರ್ಡ್ ರೈನ್‌ಗೋಲ್ಡ್ ಬರೆದ ‘ಎಕ್ಸ್‌ಪ್ಲೋರಿಂಗ್ ದ ವರ್ಲ್ಡ್ ಆಫ್ ಲೂಸಿಡ್ ಡ್ರೀಮಿಂಗ್’ (1990) ಆಗಬೇಕು. ಲೂಸಿಡ್ ಡ್ರೀಮ್ ಅಂದರೆ ಇದು ಕನಸು ಅಂತ ಗೊತ್ತಿದ್ದೇ ಕಾಣೋ ಕನಸು. ಹೆಸರಿನಲ್ಲಿ ಆಸ್ಟ್ರಲ್ ಇಲ್ಲ ಅಂತ ಬಿಟ್ಟುಬಿಡಬೇಡಿ. ಎಚ್ಚರದಿಂದ ನೇರವಾಗಿ ಕನಸಿಗೆ ಇಳಿಯೋ ವಿಧಾನ ಅದರಲ್ಲಿ ಹಂತಹಂತವಾಗಿದೆ. ವೈಬ್ರೇಶನ್, ದೇಹದಿಂದ ಜಾರಿದಂತಾಗೋದು ಎಲ್ಲ ಎದುರಾಗೋದು ಆ ದಾರಿಯಲ್ಲೇ. ಲಬರ್ಜ್ ಸ್ಟ್ಯಾನ್‌ಫರ್ಡ್‌ನ ನಿದ್ರಾ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರು. ಕನಸಿನೊಳಗಿಂದಲೇ ಕಣ್ಣುಗುಡ್ಡೆ ಎಡಬಲ ಆಡಿಸಿ ಸಂಕೇತ ಕೊಡೋ ಪ್ರಯೋಗ ಅವರದ್ದು. ಅವರಿಗಿಂತ ಮುಂಚೆ, 1975ರಲ್ಲಿ, ಇಂಗ್ಲೆಂಡಿನ ಕೀತ್ ಹರ್ನ್ ಅದನ್ನ ಮಾಡಿದ್ದರು.

ಕ್ರಮ ಹೇಳಿಬಿಡ್ತೀನಿ. ದಿಂಬಿನ ಪಕ್ಕ ನೋಟ್‌ಬುಕ್ಕು, ಪೆನ್ನು. ಮೊಬೈಲ್ ಬೇಡ, ಅದರ ಬೆಳಕು ಬಿದ್ದ ತಕ್ಷಣ ಕನಸಿನ ಎಳೆ ಹರಿಯುತ್ತೆ, ನೋಟಿಫಿಕೇಶನ್ ಕಂಡರಂತೂ ಮುಗೀತು. ಎಚ್ಚರವಾದಾಗ ಮಗ್ಗುಲು ಬದಲಿಸದೆ, ಕಣ್ಣು ಬಿಡದೆ, ‘ಈಗ ಎಲ್ಲಿದ್ದೆ?’ ಅಂತ ಕೇಳಿಕೊಳ್ಳಿ. ಕೊನೆಯ ತುಣುಕು ಸಿಕ್ಕರೆ ಅದರಿಂದ ಹಿಂದಕ್ಕೆ ಹೋಗಬಹುದು. ಪೂರ್ತಿ ವಾಕ್ಯ ಬೇಕಿಲ್ಲ, ‘ಬಸ್‌ಸ್ಟ್ಯಾಂಡು, ಹಳೇ ಟೀಚರ್, ಮೆಟ್ಟಿಲು ಮುಗಿಯೋದೇ ಇಲ್ಲ’ ಅಂದರೆ ಸಾಕು. ರಾತ್ರಿಗೆ ಒಂದಾದರೂ ಕನಸು ನೆನಪಿರೋ ತನಕ ಮುಂದಿನ ಅಭ್ಯಾಸಕ್ಕೆ ಹೋಗಬೇಡಿ ಅಂತ ಲಬರ್ಜ್ ಹೇಳೋದು ಇದಕ್ಕೇ.

ಆಮೇಲೆ ಅವರ ‘ಮೈಲ್ಡ್’ ವಿಧಾನ. ಕನಸಿನಿಂದ ಎದ್ದಾಗ ಅದನ್ನ ಪೂರ್ತಿ ನೆನಪಿಸಿಕೊಳ್ಳಿ. ಮತ್ತೆ ನಿದ್ದೆಗೆ ಜಾರುವಾಗ ‘ಮುಂದಿನ ಸಲ ಕನಸು ಕಾಣುವಾಗ, ಇದು ಕನಸು ಅನ್ನೋದು ನೆನಪಾಗುತ್ತೆ’ ಅಂದುಕೊಳ್ಳಿ. ಅದೇ ಕನಸಿಗೆ ವಾಪಸ್ ಹೋಗಿ, ಅದರ ವಿಚಿತ್ರ ಜಾಗವನ್ನ, ಆ ಮುಗಿಯದ ಮೆಟ್ಟಿಲನ್ನ, ಈ ಸಲ ಗುರುತು ಹಿಡಿದ ಹಾಗೆ ಕಲ್ಪಿಸಿಕೊಳ್ಳಿ. ನಿದ್ದೆ ಬರೋ ತನಕ ಇದೇ. ಮಾತನ್ನ ಜಪದ ಥರ ಬಾಯಿಪಾಠ ಹೇಳಿದರೆ ಕೆಲಸ ಆಗಲ್ಲ, ಉದ್ದೇಶ ಮನಸ್ಸಿನಲ್ಲಿ ನಿಲ್ಲಬೇಕು.

ಎದ್ದಿದ್ದೀನೋ ಕನಸೋ ಅಂತ ತಿಳಿಯೋಕೆ ಒಂದು ಸಾಲು ಓದಿ, ಕಣ್ಣು ತೆಗೆದು, ಮತ್ತೆ ಓದಿ. ಕನಸಲ್ಲಿ ಅಕ್ಷರ ಸಾಮಾನ್ಯವಾಗಿ ಬದಲಾಗಿರುತ್ತೆ. ಮೂಗು ಬಿಗಿಹಿಡಿದು ಉಸಿರೆಳೆದು ನೋಡೋದು ಇನ್ನೂ ಸುಲಭ. ಗಾಳಿ ಒಳಗೆ ಬಂದರೆ ಅದು ಕನಸು.

ಜಗಳ ಬೇಡ ಅಂದಿದ್ದೀರಿ, ಸರಿ. ಆದರೂ ಬೀರುವಿನಲ್ಲಿ ಎದುರು ಪಕ್ಷದ ಒಂದು ಪುಸ್ತಕ ಇರಲಿ: ಸೂಸನ್ ಬ್ಲ್ಯಾಕ್‌ಮೋರ್ ಅವರ ‘ಸೀಯಿಂಗ್ ಮೈಸೆಲ್ಫ್’ (2017). 1970ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಸ್ವತಃ ದೀರ್ಘ ಅನುಭವ ಆಗಿ, ಅದರ ಬೆನ್ನುಹತ್ತಿ ಕೊನೆಗೆ ಸಂದೇಹವಾದಿಯಾದವರು. ನರವಿಜ್ಞಾನಿ ಓಲಾಫ್ ಬ್ಲಾಂಕ ತಂಡದ ಕೆಲಸವೂ ಇದರಿಂದ ಅರ್ಥ ಆಗುತ್ತೆ. ಅಪಸ್ಮಾರದ ರೋಗಿಯೊಬ್ಬರ ಮಿದುಳಿನ ಬಲಭಾಗದ ಆಂಗ್ಯುಲರ್ ಗೈರಸ್ ಅನ್ನೋ ಜಾಗಕ್ಕೆ ವಿದ್ಯುತ್ ಪ್ರಚೋದನೆ ಕೊಟ್ಟಾಗ, ಆಕೆ ತನ್ನನ್ನು ಮೇಲಿಂದ ನೋಡಿದೆ ಅಂದಳು. 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಬಂತು. ಸಮತೋಲ ಮತ್ತು ಸ್ಪರ್ಶದ ಮಾಹಿತಿ ಸೇರುವ ಜಾಗದಲ್ಲಿ ಹೊಂದಾಣಿಕೆ ತಪ್ಪಿದರೆ ‘ನಾನು ಎಲ್ಲಿದ್ದೇನೆ’ ಅನ್ನೋದೇ ಜಾಗ ಬದಲಿಸುತ್ತೆ. ಇದು ಗೊತ್ತಿದ್ದರೆ ತೇಲಿದಂತಾದಾಗ ಗಾಬರಿ ಕಡಿಮೆ, ಅಭ್ಯಾಸಕ್ಕೂ ಅನುಕೂಲವೇ.


ಕಡಕ್‌ರೊಟ್ಟಿ:

ಇಬ್ರೂ ರಾದುಗಾನ್ನ ಬಿಟ್ಟೇಬಿಟ್ರಲ್ರೀ! ಪುಸ್ತಕದ ಹೆಸರು ‘ದ ಫೇಸ್’, ಬರದಾಂವ ರಷ್ಯಾದಾಂವ. ಪಿಡಿಎಫ್ ಪುಕ್ಕಟೆ ಹಂಚ್ಯಾರ, ರೊಕ್ಕ ಹಾಕೂ ಮೊದಲ ಇದನ್ನ ನೋಡ್ರಿ. ಕಥಿ ಇಲ್ಲ, ಪುರಾಣ ಇಲ್ಲ, ಆಟೋಮೊಬೈಲ್ ಮ್ಯಾನ್ಯುಯಲ್ ಓದಿದಂಗ ಇರತೈತಿ. ಭಾಷಾ ಒಣಾ ಒಣಾ ಅನಸ್ತೈತಿ ಖರೆ, ಆದ್ರ ಏನ ಮಾಡಬೇಕು, ಎಷ್ಟು ಸೆಕೆಂಡ್ ಮಾಡಬೇಕು ಅನ್ನೂದು ಇದರಷ್ಟು ಬಿಡಿಸಿ ಹೇಳಿದ್ದು ಆ ಉಳದ ಮೂರರಾಗ ಇಲ್ಲ.

ಇನ್‌ಡೈರೆಕ್ಟ್ ವಿಧಾನದ ತಿರುಳು ಇಷ್ಟು. ಆರು ತಾಸು ಮಲಗ್ರಿ. ಅಲಾರಂ ಆದ ಮ್ಯಾಲೆ ಎದ್ದು ಬಚ್ಚಲಮನಿಗೆ ಹೋಗಿ ಬಂದು, ಎರಡ ಗುಟುಕು ನೀರು ಕುಡದು, ವಿಧಾನ ಒಮ್ಮೆ ಓದಿ, ಮತ್ತ ಮಲಗ್ರಿ. ಎಚ್ಚರ ಇರೂದು ಮೂರು ನಿಮಿಷದಿಂದ ಐವತ್ತು ನಿಮಿಷದ ತನಕ ನಡೀತೈತಿ. ಜಲ್ದಿ ನಿದ್ದಿ ಹತ್ತೋರು ಜಾಸ್ತಿ ಹೊತ್ತು ಎದ್ದಿರಬೇಕು, ಹತ್ತಲಾರದವರು ಲಗೂನ ಮಲಗಬೇಕು. ಈಗ ಮಲಗುವಾಗ ಏನೂ ಪ್ರಯತ್ನ ಮಾಡಬ್ಯಾಡ್ರಿ. ‘ಇನ್ನೊಮ್ಮೆ ಎಚ್ಚರಾದಾಗ ಅಲಗಾಡೂದಿಲ್ಲ’ ಅನ್ನೂದೊಂದ ಮನಸಿನ್ಯಾಗ ಇಟ್ಕೊಂಡು ನಿದ್ದಿ ಮಾಡ್ರಿ.

ಆಮ್ಯಾಲೆ ತಾನ ಎಚ್ಚರಾಗತೈತಿ. ಆಗ ಕಣ್ಣ ತಗೀಬ್ಯಾಡ್ರಿ, ಮಗ್ಗಲ ಹೊಳ್ಳಬ್ಯಾಡ್ರಿ. ಮೊದಲ ಐದು ಸೆಕೆಂಡ್ ಸೀದಾ ಬೇರ್ಪಡಲಿಕ್ಕೆ ನೋಡ್ರಿ: ಉರುಳೂದು, ಎದ್ದ ನಿಲ್ಲೂದು, ಮ್ಯಾಲ ತೇಲೂದು. ಸ್ನಾಯು ಬಳಸಬಾರದು, ಆದ್ರ ಬರೇ ಕಲ್ಪನಾನೂ ಅಲ್ಲ, ಖರೇನ ಏಳಾಕತ್ತೇನಿ ಅನ್ನೂ ಹಟ ಬೇಕು. ಆಗಲಿಲ್ಲಂದ್ರ ಎರಡು ಮೂರು ತಂತ್ರ ಸರದಿ ಮ್ಯಾಲೆ, ಒಂದೊಂದು ಮೂರರಿಂದ ಐದು ಸೆಕೆಂಡ್. ಕಣ್ಣ ಮುಂದಿನ ಕತ್ತಲದಾಗ ಚಿತ್ರ ಏನರ ಮೂಡತಾವೇನು ನೋಡೂದು. ಬೆರಳು ಅಲಗಾಡಿಸಲಾರದ ಅಲಗಾಡಿಸಿದಂಗ ಅನುಭವಿಸೂದು. ನೆತ್ತಿಯಿಂದ ಪಾದದ ತನಕ ಒಂದು ಗೂಟ ಹಾಯ್ದಂಗ ತಿಳ್ಕೊಂಡು ಅದರ ಸುತ್ತ ಗಿರಗಿರ ತಿರುಗೂದು. ಇಂಥಾ ನಾಕು ಸುತ್ತರ ಆಗಬೇಕು, ಎಲ್ಲಾ ಕೂಡಿ ಒಂದು ನಿಮಿಷ. ಯಾವ ತಂತ್ರಕ್ಕ ಚೂರರ ಜೀವ ಬಂತು, ಬೆರಳು ಖರೇ ಆಡಿದಂಗ ಅನಿಸ್ತು, ಅದನ್ನ ಜೋರ ಮಾಡಿ ತಕ್ಷಣ ಮತ್ತ ಬೇರ್ಪಡಲಿಕ್ಕೆ ನೋಡ್ರಿ.

ಎಲ್ಲಿ ಕೆಡತೈತಿ ಅಂದ್ರ, ಮಂದಿ ಒಂದ ತಂತ್ರ ಹಿಡಕೊಂಡು ಹತ್ತು ನಿಮಿಷ ಜಗ್ಗತಾರ. ಅಷ್ಟೊತ್ತಿಗೆ ಮಿದುಳು ಪೂರಾ ಎದ್ದಿರತೈತಿ. ಒಂದು ನಿಮಿಷಕ್ಕ ಆಗಲಿಲ್ಲಂದ್ರ ಬಿಟ್ಟು ಮತ್ತ ನಿದ್ದಿ ಮಾಡ್ರಿ, ಮುಂದಿನ ಎಚ್ಚರಕ್ಕ ನೋಡೂಣು. ಇನ್ನೊಂದು, ಅಲಾರಂ ಒಂದ ಸಲ ಸಾಕು. ಎರಡನೇ ಎಚ್ಚರಕ್ಕೂ ಅಲಾರಂ ಇಟ್ರ ಕೈ ತಾನ ಫೋನಿನ ಕಡೆ ಹೋಗತೈತಿ, ಅಲ್ಲಿಗೆ ಮುಗದ್ಹೋತು. ಇಡಲೇಬೇಕಂದ್ರ ಕೆಲವು ಸೆಕೆಂಡಿಗೆ ತಾನ ಬಂದ್ ಆಗೂವಂಥಾದ್ದು ಇಡ್ರಿ.

ಹೊರಗ ಬಂದ್ರ ಮೊದಲ ಕೆಲಸ ಗಟ್ಟಿ ಮಾಡ್ಕೊಳ್ಳೂದು. ಅಂಗೈ ಒಂದಕ್ಕೊಂದು ತಿಕ್ಕರಿ, ಗ್ವಾಡಿ ಮುಟ್ರಿ, ಅಂಗೈ ಗೆರಿ ಹತ್ತರದಿಂದ ನೋಡ್ರಿ. ಸುಮ್ನ ನಿಂತು ‘ಅಬಾಬಾ’ ಅನಕೋತ ಇದ್ರ ಹಾಸಿಗ್ಯಾಗ ವಾಪಸ್. ಮಲಗಿದ ದೇಹದ ಕಡೆ ತಿರುಗಿ ನೋಡೂದೂ ಬ್ಯಾಡ, ಅದೂ ಎಳಕೊಂತೈತಿ.

ರಾದುಗಾನ ಪುಸ್ತಕದಾಗ ಆತ್ಮದ ಮಾತ ಇಲ್ಲ. ಲೂಸಿಡ್ ಡ್ರೀಮು, ಆಸ್ಟ್ರಲ್ ಎಲ್ಲಾ ಒಂದ ‘ಫೇಸ್’ ಅಂತಾನ. ಅದು ಯಾರಿಗೆ ರುಚಿ ಅನಿಸೂದಿಲ್ಲ ಅವರು ಬುಲ್‌ಮನ್ ಓದ್ರಿ, ತಂತ್ರ ಇದ ಮಾಡ್ರಿ.


ಅರಳಿಕಟ್ಟೆ:

ಯೋಗದ ಪುಸ್ತಕಗಳ ಬಗ್ಗೆ ಕೇಳಿದ್ದಿರಿ. ಪತಂಜಲಿಯ ವಿಭೂತಿಪಾದದಲ್ಲಿ ಎರಡು ಸೂತ್ರ ಇದಕ್ಕೆ ಹತ್ತಿರ: ಬಂಧದ ಕಾರಣ ಸಡಿಲವಾದಾಗ ಚಿತ್ತ ಪರಶರೀರವನ್ನು ಹೊಗುತ್ತದೆ ಎಂಬುದು ಒಂದು, ದೇಹದ ಹೊರಗೆ ನಿಲ್ಲುವ ಮನೋವೃತ್ತಿಗೆ ‘ಮಹಾವಿದೇಹ’ ಎಂಬ ಹೆಸರು ಬರುವುದು ಇನ್ನೊಂದು. ಶಂಕರರು ಅಮರುಕ ರಾಜನ ದೇಹ ಹೊಕ್ಕ ಕಥೆ ಮಾಧವೀಯ ಶಂಕರವಿಜಯದಲ್ಲಿದೆ. ಆದರೆ ಇವು ಕೈಪಿಡಿಗಳಲ್ಲ. ಸೂತ್ರ ಆ ಸಿದ್ಧಿಯನ್ನು ಸಂಯಮದ (ಧಾರಣೆ, ಧ್ಯಾನ, ಸಮಾಧಿ ಮೂರೂ ಸೇರಿದ್ದು) ನಂತರ ಇಡುತ್ತದೆ, ಜೊತೆಗೆ ಇಂಥವು ಸಮಾಧಿಗೆ ಅಡ್ಡಿ ಎಂದೂ ಅದೇ ಪಾದದಲ್ಲಿ ಹೇಳುತ್ತದೆ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಏನು ಮಾಡಬೇಕು ಎಂಬುದಕ್ಕೆ ಅಲ್ಲಿ ಉತ್ತರ ಹುಡುಕಬೇಡಿ.

ಥಿಯಾಸಫಿಯವರ, ಅಂದರೆ ಬ್ರಹ್ಮವಿದ್ಯಾ ಸಮಾಜದವರ, ಪುಸ್ತಕಗಳೂ ಹೀಗೆಯೇ. ಲೆಡ್‌ಬೀಟರ್ ಅವರ ‘ದಿ ಆಸ್ಟ್ರಲ್ ಪ್ಲೇನ್’ 1895ರದ್ದು. ಆ ಲೋಕದಲ್ಲಿ ಯಾರ್‍ಯಾರು ಇದ್ದಾರೆ ಎಂಬ ವರ್ಣನೆ ಸಿಗುತ್ತದೆ, ಹೋಗುವ ದಾರಿ ಸಿಗುವುದಿಲ್ಲ. ಮುಲ್ಡೂನ್ ಮತ್ತು ಕ್ಯಾರಿಂಗ್ಟನ್ ಅವರ 1929ರ ‘ದ ಪ್ರೊಜೆಕ್ಷನ್ ಆಫ್ ದಿ ಆಸ್ಟ್ರಲ್ ಬಾಡಿ’ಯಲ್ಲಿ ದಾರಿ ಇದೆ, ದೇಹಕ್ಕೂ ಹೊರಬಂದ ಆಸ್ಟ್ರಲ್ ದೇಹಕ್ಕೂ ನಂಟು ಎನ್ನಲಾಗುವ ‘ಬೆಳ್ಳಿ ದಾರ’ದ ವಿವರ ಬೇಕಾದವರು ಅದನ್ನೇ ನೋಡಬೇಕು. ಆದರೆ ಉಪ್ಪು ತಿಂದು, ನೀರು ಕುಡಿಯದೆ, ಬಾಯಾರಿ ಮಲಗುವ ಒಂದು ಅಭ್ಯಾಸ ಅದರಲ್ಲಿದೆ. ಅದನ್ನು ಬಿಡಿ. ಬಿಪಿ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇರುವವರಂತೂ ಆ ಪುಟ ತೆರೆಯುವುದೇ ಬೇಡ.

ನಿಜವಾಗಿ ಉಪಯೋಗಕ್ಕೆ ಬರುವುದು ನಿಮಗೆ ಆಗಲೇ ಬರುವ ಯೋಗನಿದ್ರೆಯೇ. ಬಿಹಾರ ಯೋಗ ವಿದ್ಯಾಲಯದ ಸ್ವಾಮಿ ಸತ್ಯಾನಂದ ಸರಸ್ವತಿ ಅವರ ಕ್ರಮದಲ್ಲಿ ಸಂಕಲ್ಪ, ಆಮೇಲೆ ಬಲಗೈ ಹೆಬ್ಬೆರಳಿನಿಂದ ಶುರುವಾಗಿ ಮೈಯೆಲ್ಲ ಸುತ್ತುವ ಗಮನ, ಉಸಿರಿನ ಎಣಿಕೆ, ಭಾರ ಮತ್ತು ಹಗುರದಂಥ ಜೋಡಿ ಅನುಭವಗಳು, ಕೊನೆಗೆ ದೃಶ್ಯಗಳು. ಇದನ್ನೇ ಬೆಳಗಿನ ಜಾವಕ್ಕೆ ಒಯ್ಯಿರಿ. ನಿದ್ದೆಗೆ ಜಾರದಿರಲು ಒಂದು ಮೊಣಕೈಯನ್ನು ಹಾಸಿಗೆಗೆ ಊರಿ ಮುಂಗೈ ನೆಟ್ಟಗೆ ನಿಲ್ಲಿಸಿ. ನಿದ್ದೆ ಹತ್ತಿದೊಡನೆ ಸ್ನಾಯುವಿನ ಬಿಗಿ ಹೋಗಿ ಕೈ ಬೀಳುತ್ತದೆ, ನೀವು ಆ ಅಂಚಿನಲ್ಲೇ ಎಚ್ಚರಗೊಳ್ಳುತ್ತೀರಿ. ಎರಡು ದಿಂಬು ಇಟ್ಟು ಬೆನ್ನನ್ನು ಸ್ವಲ್ಪ ಎತ್ತರಿಸಿಕೊಂಡರೂ ಆಗುತ್ತದೆ. ಬಾಯಿಯಲ್ಲಿ ಎಂಜಲು ಸೇರಿ ನುಂಗಬೇಕು ಎನಿಸುವುದು ಆಗ ಕಡಿಮೆ.


ಬೆಳಗಿನಜಾವ:

ಎಲ್ಲರಿಗೂ ಧನ್ಯವಾದ, ಇಷ್ಟು ಬಿಡಿಸಿ ಹೇಳ್ತೀರಿ ಅಂದುಕೊಂಡಿರಲಿಲ್ಲ. ಇನ್ನೆರಡು ಕೇಳಲಾ? ಮೈ ಝುಂ ಅಂತ ಅದುರಿ, ಎದೆ ಬಡಿತ ಜೋರಾಗಿ, ಯಾರೋ ಎದೆ ಮೇಲೆ ಕೂತ ಹಾಗಾಗುತ್ತೆ ಅಂತ ಎಲ್ಲ ಪುಸ್ತಕದಲ್ಲೂ ಬರುತ್ತಲ್ಲ, ಆಗ ಏನು ಮಾಡಬೇಕು? ಮತ್ತೆ ಆ ಹೆಡ್‌ಫೋನ್ ಸಂಗತಿ, ಬೈನಾರಲ್ ಬೀಟ್ಸ್ ಬೇಕೇಬೇಕಾ?


ನೈಟ್‌ಡ್ಯೂಟಿ:

ಎದೆ ಮೇಲೆ ಕೂತ ಹಾಗಾಗೋದು ಸ್ಲೀಪ್ ಪ್ಯಾರಾಲಿಸಿಸ್. ಆರ್‌ಇಎಂನಲ್ಲಿ ಕೈಕಾಲು, ಪಕ್ಕೆಲುಬಿನ ನಡುವಿನ ಸ್ನಾಯುಗಳು ಸಡಿಲಬಿದ್ದಿರುತ್ತವೆ. ವಪೆ (ಉಸಿರಾಟ ನಡೆಸೋ ಡಯಾಫ್ರಮ್) ಮತ್ತು ಕಣ್ಣಿನ ಸ್ನಾಯುಗಳು ಮಾತ್ರ ಕೆಲಸದಲ್ಲಿರುತ್ತವೆ. ಉಸಿರು ನಡೀತಾನೇ ಇರುತ್ತೆ, ಬೇಕೆಂದಾಗ ಆಳವಾಗಿ ಎಳೆಯೋಕೆ ಆಗಲ್ಲ ಅಷ್ಟೇ. ಅದು ಭಾರದ ಹಾಗೆ ತೋರುತ್ತೆ, ಅರ್ಧ ಕನಸಿನ ಮಿದುಳು ಆ ಭಾರಕ್ಕೊಂದು ಆಕಾರ ಕೊಡುತ್ತೆ. ಊರಲ್ಲಿ ದೆವ್ವ ಅಮುಕಿತು ಅನ್ನೋದು ಇದನ್ನೇ. ಸಾಮಾನ್ಯವಾಗಿ ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷದಲ್ಲಿ ಬಿಡುತ್ತೆ. ಅಂಗಾತ ಮಲಗಿದಾಗ ಹೆಚ್ಚು, ನಿದ್ದೆ ಬಾಕಿ ಇದ್ದಾಗ ಇನ್ನೂ ಹೆಚ್ಚು.

ಅದರಿಂದ ಹೊರಬರಬೇಕಿದ್ದರೆ ಇಡೀ ಮೈಯನ್ನ ಎತ್ತೋಕೆ ಗುದ್ದಾಡಬೇಡಿ, ಗುದ್ದಾಡಿದಷ್ಟೂ ಭಯ ಏರುತ್ತೆ. ಕಣ್ಣುಗುಡ್ಡೆ ಎಡಬಲ ಆಡಿಸಿ, ಉಸಿರು ನಿಧಾನ ಬಿಡಿ, ಕಾಲ ಹೆಬ್ಬೆರಳೊಂದನ್ನೇ ಅಲುಗಿಸೋಕೆ ನೋಡಿ. ಬಿಟ್ಟ ಮೇಲೆ ಎದ್ದು ಕೂತು ಲೈಟ್ ಹಾಕಿ. ಹಾಗೇ ಮಲಗಿದರೆ ಮತ್ತೆ ಅದೇ ಸ್ಥಿತಿಗೆ ಜಾರೋದು ಸಾಮಾನ್ಯ. ಮುಂದುವರಿಯಬೇಕಿದ್ದರೆ ಅದುರುವಿಕೆಯನ್ನ ಹಿಡಿಯೋಕೂ ಹೋಗಬೇಡಿ, ನಿಲ್ಲಿಸೋಕೂ ಹೋಗಬೇಡಿ. ಗಮನವನ್ನ ಬುಲ್‌ಮನ್ ಹೇಳಿದ ಆ ದೀಪಕ್ಕೋ ಚಿಲಕಕ್ಕೋ ತಿರುಗಿಸಿ. ಹೊಸಬರಲ್ಲಿ ಹೆಚ್ಚಿನವರ ಪ್ರಯತ್ನ ನಿಲ್ಲೋದು ಇಲ್ಲೇ. ‘ಬಂತು ಬಂತು’ ಅನ್ನೋ ಉತ್ಸಾಹಕ್ಕೇ ಬಡಿತ ಏರಿ ಪೂರ್ತಿ ಎಚ್ಚರ ಆಗಿಬಿಡುತ್ತೆ. ಹಗಲಲ್ಲೂ ಎದೆ ಬಡಿತ ಏರುಪೇರಾಗ್ತಿದ್ದರೆ ಮಾತ್ರ ಡಾಕ್ಟರಿಗೆ ತೋರಿಸಿ, ಅದನ್ನ ವೈಬ್ರೇಶನ್ ಲೆಕ್ಕಕ್ಕೆ ಹಾಕಬೇಡಿ.

ಇನ್ನೊಂದು ಸಂಗತಿ ಈ ಪುಸ್ತಕಗಳಲ್ಲಿ ಸಣ್ಣ ಅಕ್ಷರದಲ್ಲಿರುತ್ತೆ ಇಲ್ಲವೇ ಇರೋದೇ ಇಲ್ಲ. ಅಪಸ್ಮಾರ, ಬೈಪೋಲಾರ್, ಸೈಕೋಸಿಸ್ ಇರೋರು, ತಾನು ತಾನಲ್ಲ ಅನ್ನೋ ಭಾವನೆ ಹಗಲಲ್ಲೇ ಕಾಡೋರು ಈ ಜಾವದ ಅಭ್ಯಾಸ ಮಾಡಲೇಬಾರದು. ನಿದ್ದೆ ಕತ್ತರಿಸೋದರಿಂದ ಫಿಟ್ಸ್ ಬರಬಹುದು, ಉನ್ಮಾದ ಕೆರಳಬಹುದು. ಖಿನ್ನತೆಯ ಎಷ್ಟೋ ಮಾತ್ರೆಗಳು ಆರ್‌ಇಎಂ ಕಡಿಮೆ ಮಾಡ್ತವೆ, ಅದಕ್ಕಂತ ಮಾತ್ರೆ ನಿಲ್ಲಿಸೋದು ಮಹಾ ಅಪಾಯ. ಆರೋಗ್ಯ ಸರಿ ಇರೋರೂ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಡ, ಅದೂ ರಜೆಯ ಹಿಂದಿನ ರಾತ್ರಿ. ಗಾಡಿ ಓಡಿಸೋ ದಿನ ಬೇಡ. ಆರೂವರೆಗೇ ಏಳಬೇಕಿದ್ದರೆ ನೀವು ಒಂಬತ್ತೂವರೆಗೆ ಮಲಗಿ, ಅಲಾರಂ ಮೂರೂವರೆಗೆ ಇಡಿ. ಆಗ ಬಾಕಿ ಮೂರು ಗಂಟೆ ಸಿಗುತ್ತೆ. ನಾಲ್ಕೂವರೆಗೆ ಎದ್ದು ಅರ್ಧ ಗಂಟೆ ಕಳೆದರೆ ಉಳಿಯೋದು ಒಂದೂವರೆ ಗಂಟೆ, ಅಷ್ಟರಲ್ಲಿ ಸುಪ್ರಭಾತ, ಹಾಲಿನವನ ಬೆಲ್ಲು, ಕುಕ್ಕರ್ ಸೀಟಿ ಎಲ್ಲ ಶುರು. ಸಂಜೆ ನಾಲ್ಕರ ಮೇಲಿನ ಕಾಫಿ ಆ ದಿನ ಬಿಡಿ. ಕುಡಿದಿದ್ದರೆ ಅಭ್ಯಾಸವನ್ನೇ ಬಿಡಿ, ಮದ್ಯ ಆರ್‌ಇಎಂ ಅನ್ನ ಕಲಕುತ್ತೆ.


ಗಡಿಯಾರದಮುಳ್ಳು:

ಮೂರೂವರೆಯ ಲೆಕ್ಕ ನನ್ನ ನಾಲ್ಕೂವರೆಗಿಂತ ವಾಸಿ, ಅದನ್ನೇ ಇಟ್ಟುಕೊಳ್ಳಿ. ಲಬರ್ಜ್ ಮೊದಲು ಅನ್ನೋ ಮಾತಿಗೂ ಅರ್ಧ ಒಪ್ಪಿಗೆ. ಕನಸು ಈಗಲೇ ದಿನಾ ನೆನಪಿರುತ್ತೆ ಅಂದರೆ ಬುಲ್‌ಮನ್, ಇಲ್ಲಾಂದ್ರೆ ಲಬರ್ಜ್.

ಹೆಡ್‌ಫೋನ್ ವಿಷಯ. ಎಡಗಿವಿಗೆ 200 ಹರ್ಟ್ಸ್, ಬಲಗಿವಿಗೆ 204 ಹರ್ಟ್ಸ್ ಕೊಟ್ಟರೆ ಮಿದುಳಿನಲ್ಲಿ 4 ಹರ್ಟ್ಸ್‌ನ ಮಿಡಿತ ಕೇಳಿದಂತಾಗುತ್ತೆ, ಬೈನಾರಲ್ ಅಂದರೆ ಅಷ್ಟೇ. ಮನ್ರೋ ಸಂಸ್ಥೆಯ ‘ಹೆಮಿ-ಸಿಂಕ್’ ಅನ್ನೋ ಆಡಿಯೊ ಇದರ ಮೇಲೇ ನಿಂತದ್ದು. ಕಡ್ಡಾಯ ಅಲ್ಲ. ಕೆಲವರಿಗೆ ಎಚ್ಚರದ ಎಳೆ ಹಿಡಿದಿಡೋಕೆ ಸಹಾಯ ಆಗುತ್ತೆ, ಉಳಿದವರಿಗೆ ಫ್ಯಾನ್ ಸದ್ದೇ ಸಾಕು. ಹಾಕೋದಾದರೆ ಎರಡೂ ಕಿವಿಗೆ ಬೇರೆಬೇರೆ ಸದ್ದು ಹೋಗ್ತಿದೆಯಾ ನೋಡಿ. ಸ್ಪೀಕರ್‌ನಲ್ಲಿ ಹಾಕಿದರೆ, ಒಂದೇ ಇಯರ್‌ಬಡ್ ಹಾಕಿದರೆ, ಫೋನ್ ಸೆಟ್ಟಿಂಗ್‌ನಲ್ಲಿ ಮೋನೊ ಆಡಿಯೊ ಆನ್ ಇದ್ದರೆ ಅದು ಬೈನಾರಲ್ ಆಗಿ ಉಳಿಯಲ್ಲ. ಒಂದು ಬಡ್ ತೆಗೆದಾಗಲೂ ಅದೇ ಝುಂಕಾರದ ಏರಿಳಿತ ಕೇಳಿಸಿದರೆ ಆ ಫೈಲಿನಲ್ಲಿ ಎರಡು ಸ್ವರಗಳು ಮೊದಲೇ ಬೆರೆತಿವೆ ಅಂತ ಅರ್ಥ. ಮಗ್ಗುಲಾಗಿ ಮಲಗೋರಿಗೆ ಬಡ್ ಕಿವಿಗೆ ಒತ್ತಿ ನೋವಾಗುತ್ತೆ. ತಲೆಗೆ ಸುತ್ತಿಕೊಳ್ಳೋ ಬಟ್ಟೆಪಟ್ಟಿಯ ಹೆಡ್‌ಫೋನ್ ಸಿಗುತ್ತೆ, ಅದು ಮೇಲು. ಸೌಂಡು ಫ್ಯಾನ್ ಸದ್ದಿಗಿಂತ ತುಸು ಕೆಳಗಿರಲಿ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಹುಷಾರು. ‘ಏಳು ದಿನದಲ್ಲಿ ಆಸ್ಟ್ರಲ್’ ಥರದ ಪುಸ್ತಕಗಳು ರಾಶಿ ಬಿದ್ದಿವೆ, ಎಷ್ಟೋ ಮಷೀನ್ ಬರೆದ ಕಂತೆ. ಕೊಳ್ಳೋ ಮುಂಚೆ ಸ್ಯಾಂಪಲ್ ಪುಟ ತೆರೆದು ಪರಿವಿಡಿ ನೋಡಿ. ಆಗದೇ ಹೋದರೆ ಏನು ಮಾಡಬೇಕು ಅನ್ನೋ ಅಧ್ಯಾಯ ಇದೆಯಾ, ಹೊತ್ತು ಮತ್ತು ಸೆಕೆಂಡಿನ ಲೆಕ್ಕ ಇದೆಯಾ, ಯಾರು ಮಾಡಬಾರದು ಅಂತ ಹೇಳಿದೆಯಾ. ಈ ಮೂರರಲ್ಲಿ ಒಂದೂ ಇಲ್ಲದೆ ಚಕ್ರದ ಬಣ್ಣಗಳಿಗೇ ಅರ್ಧ ಪುಸ್ತಕ ಮೀಸಲಾಗಿದ್ದರೆ ಮುಂದಕ್ಕೆ ಹೋಗಿ.


ಪ್ರಶ್ನಾರ್ಥಕ:

ಇದನ್ನೂ ಸೇರಿಸಿಬಿಡ್ತೀನಿ. ಮುಂದೆ ಎಂದಾದರೂ ಹೊರಬಂದು ಮನೆಯನ್ನ ನೋಡಿದಂತಾದರೆ ಪರೀಕ್ಷೆ ಹೀಗೆ ಮಾಡಿ. ಮನೆಯವರೊಬ್ಬರು ಹತ್ತು ಚೀಟಿಯಲ್ಲಿ 0ಯಿಂದ 9ರ ತನಕ ಬರೆದು ಡಬ್ಬದಲ್ಲಿ ಹಾಕಿ, ಒಂದೊಂದೇ ಎತ್ತಿ, ಪ್ರತಿ ಸಲ ವಾಪಸ್ ಹಾಕಿ ಐದು ಅಂಕಿ ತೆಗೀಲಿ. ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದು, ಬರಹ ಮೇಲ್ಮುಖ ಮಾಡಿ, ಪಕ್ಕದ ಕೋಣೆಯ ಬೀರುವಿನ ಮೇಲಿಡಲಿ, ನಿಮಗೆ ಹೇಳದೇ ಇರಲಿ. ನೀವು ಕಂಡಿದ್ದನ್ನ ಮೊದಲು ಕಾಗದದ ಮೇಲೆ ಬರೆದು, ಆಮೇಲಷ್ಟೇ ಕುರ್ಚಿ ಹತ್ತಿ ನೋಡಬೇಕು. ಸುಮ್ಮನೆ ಊಹಿಸಿದರೆ ಪೂರ್ತಿ ಸರಿಯಾಗೋದು ಲಕ್ಷಕ್ಕೆ ಒಂದು ಸಲ. ನೋಡಿದ ಮೇಲೆ ಆ ಚೀಟಿ ಹರಿದು ಹೊಸ ಸಂಖ್ಯೆ ಇಡಿಸಿ.

ಬೀರುವಿನ ಎದುರು ಕನ್ನಡಿಯೋ ಗಾಜಿನ ಶೋಕೇಸೋ ಇರಬಾರದು. ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಟಾರ್ಟ್ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯುವತಿಯೊಬ್ಬಳು 25132 ಅನ್ನೋ ಸಂಖ್ಯೆಯನ್ನ ಸರಿಯಾಗಿಯೇ ಹೇಳಿದಳು. ಆದರೆ ಗೋಡೆ ಗಡಿಯಾರದ ಮೇಲೆ ಅದು ಪ್ರತಿಫಲಿಸಿ ಕಂಡಿರಬಹುದಲ್ಲ ಅನ್ನೋ ಆಕ್ಷೇಪ ಇವತ್ತಿಗೂ ಆ ಪ್ರಯೋಗದ ಬೆನ್ನು ಬಿಟ್ಟಿಲ್ಲ.